ದಮ್ ಹಿಡೀರಿ

ತನ್ನ ಬಸ್ಸೇ ತನ್ನ ಮುಖಕ್ಕೆ ಬಾಗಿಲು ಹಾಕಿದ್ದನ್ನು ಫಕ್ಕೀರವ್ವ ಸಾಯುವ ತನಕ ಮರೆಯುವ ಹೆಂಗಸಲ್ಲ. ಹುಬ್ಬಳ್ಳಿ–ನವಲಗುಂದ ಗಾಡಿ ಅದು. ಅದರ ಮೆಟ್ಟಿಲ ಮೇಲೆ ನಿಂತು ಅವಳು ಕಂಡಕ್ಟರಾಗಿ ವರ್ಷಗಟ್ಟಲೆ ‘ರೈಟ್’ ಅಂದಿದ್ದಳು, ಜನರನ್ನು ಒಳಗೆ ನೂಕಿದ್ದಳು, ಬೈದಿದ್ದಳು, ಬೈಸಿಕೊಂಡಿದ್ದಳು. ಈಗ ಬಾಗಿಲ ಪಕ್ಕದ ಗಾಜಿನ ಕಣ್ಣು ಅವಳ ಎದೆಪಟ್ಟಿಯನ್ನು ನೋಡಿತು. ಪಟ್ಟಿಯ ಮೇಲೆ ಕೆಂಪು ದೀಪ. “ತಮ್ಮ ಆರೋಗ್ಯದ ಹಿತದೃಷ್ಟಿಯಿಂದ ಪ್ರಯಾಣಕ್ಕೆ ಅವಕಾಶವಿಲ್ಲ” ಎಂದು ಜೇನಿನಂಥ ದನಿಯೊಂದು ಹೇಳಿತು. ಕಿಟಕಿಯಿಂದ ಯಾರೋ ತಲೆ ಹಾಕಿ, “ಯಾಕ ಫಕ್ಕೀರಕ್ಕ, ಟಿಕೆಟ್ ತಗದಿಲ್ಲೇನು?” ಅಂದರು. ಗಾಡಿಯ ತುಂಬ ನಗು. ಬಸ್ಸು ಹೋಯಿತು.

ಬೂದಿ ಜ್ವರ ಬಂದುಹೋದ ಮೇಲಿನ ಕಾಲ ಅದು. ಜ್ವರಕ್ಕೆ ದೊಡ್ಡ ಹೆಸರೊಂದು ಇತ್ತು, ಅದು ಡಾಕ್ಟರುಗಳಿಗೆ. ಜನರಿಗೆ ಬೂದಿ ಜ್ವರ, ಏಕೆಂದರೆ ಬೆಂಕಿ ಆರಿದ ಮೇಲೂ ಎದೆಯೊಳಗೆ ಬೂದಿ ಉಳಿಯುತ್ತಿತ್ತು. ಮೈ ತಣ್ಣಗಾಯಿತು, ನಾಲಿಗೆಗೆ ರುಚಿ ಬಂತು ಎಂದು ಎದ್ದು ಕೆಲಸಕ್ಕೆ ಹೋದವರು ಹೊಲದ ಬದುವಿನಲ್ಲಿ, ಬಸ್ಸಿನ ಮೆಟ್ಟಿಲ ಮೇಲೆ, ಮದುವೆಯ ಪಂಕ್ತಿಯಲ್ಲಿ ಕುಸಿದು ಸತ್ತರು. ಅದಕ್ಕೇ ಸರ್ಕಾರ ಕಾನೂನು ಮಾಡಿತು: ಜ್ವರದಿಂದ ಎದ್ದವರೆಲ್ಲ ಎದೆಪಟ್ಟಿ ಕಟ್ಟಬೇಕು, ಪುನಶ್ಚೇತನ ಕೇಂದ್ರಕ್ಕೆ ಹೋಗಿ ಎದೆಯನ್ನೂ ಶ್ವಾಸಕೋಶವನ್ನೂ ಪಳಗಿಸಿಕೊಳ್ಳಬೇಕು, ಪಟ್ಟಿ ಹಸಿರಾಗುವ ತನಕ ಬಸ್ಸು, ಲಿಫ್ಟು, ಕಚೇರಿ ಯಾವುದರ ಬಾಗಿಲೂ ಅವರಿಗೆ ತೆರೆಯಬಾರದು. ಕಾನೂನು ಒಳ್ಳೆಯದೇ. ಒಳ್ಳೆಯ ಕಾನೂನಿನ ಕೈಯಲ್ಲಿ ಸಿಕ್ಕಿಕೊಂಡವರ ಪಾಡು ಮಾತ್ರ ಕೇಳಬೇಡಿ.

ಹುಬ್ಬಳ್ಳಿಯ ಕೇಂದ್ರ ಹಳೆಯ ನೂಲಿನ ಗಿರಣಿಯೊಂದರಲ್ಲಿತ್ತು. ಜನ ಅದನ್ನು ಉಸಿರುಮನಿ ಅನ್ನುತ್ತಿದ್ದರು. ಯಂತ್ರ ಕಿತ್ತ ಜಾಗದಲ್ಲಿ ಎಲ್ಲಿಗೂ ಹೋಗದ ಸೈಕಲ್ಲುಗಳ ಸಾಲು. ಒಂದು ಮೂಲೆಯಲ್ಲಿ ಕೊಳವೆಯಿಂದ ಉಸಿರೆಳೆದು ಚೆಂಡು ಏರಿಸುವವರು, ಇನ್ನೊಂದು ಮೂಲೆಯಲ್ಲಿ ದೀಪ ಆರಿಸುವವರ ಹಾಗೆ ತುಟಿ ಚೂಪು ಮಾಡಿ ಮೆಲ್ಲಗೆ ಊದುವವರು. ಕೊನೆಗೆ ಮೆಟ್ಟಿಲ ಪರೀಕ್ಷೆ: ಗಿರಣಿಯ ನೀರಿನ ಟಾಕಿಗೆ ಹತ್ತುವ ಮುಚ್ಚಿದ ಮೆಟ್ಟಿಲುಗಳನ್ನು ತುದಿ ತನಕ ಏರಿ ಇಳಿಯಬೇಕು. ಮೂರು ಸಲ ಸೋತರೆ ‘ಕಾಯಂ ವಿಶ್ರಾಂತಿ’. ಹೆಸರು ಕೇಳಿದರೆ ಹಿತವಾಗಿದೆ. ಅರ್ಥ ಇಷ್ಟೇ: ಮನೆ ಬಿಟ್ಟು ಹೊರಗೆ ಬರಬೇಡ, ನಿನ್ನ ಕೆಲಸ ಇನ್ನೊಬ್ಬರಿಗೆ.

ಫಕ್ಕೀರವ್ವ ಎರಡು ಸಲ ಸೋತಿದ್ದಳು. ಅದೂ ಹೇಗೆ? ಮೆಟ್ಟಿಲು ಹತ್ತಿ ಇಳಿದಿದ್ದಳು, ಬೆವರೂ ಬಂದಿರಲಿಲ್ಲ. ತೊಡೆಯಲ್ಲಿ ಮೊದಲಿನ ಕಸುವು ಬಂದಿತ್ತು, ಗಂಟಲಲ್ಲಿ ಮೊದಲಿನ ದನಿ ಬಂದಿತ್ತು. ಆದರೂ ಅವಳು ಗಟ್ಟಿಯಾದಷ್ಟೂ ಪಟ್ಟಿ ಕೆಂಪಾಗುತ್ತ ಹೋಯಿತು. ಹಾಸಿಗೆ ಹಿಡಿದು ಮಾತಿಲ್ಲದೆ ಬಿದ್ದಿದ್ದ ದಿನಗಳಲ್ಲಿ ಅದೇ ಪಟ್ಟಿ ಹಸಿರು ತೋರಿಸಿತ್ತು.

ಹೊಟ್ಟೆಗೆ ಬೆಂಕಿ ಬಿದ್ದಿದ್ದು ಇದಕ್ಕಲ್ಲ, ಇಂಗಳಳ್ಳಿಯವರ ಹಸಿರಿಗೆ. ಗುರುಪಾದಪ್ಪ ಇಂಗಳಳ್ಳಿ ಅಂದರೆ ಚೆಕಿಂಗ್ ಸಾಹೇಬರು. ನವಲಗುಂದ ದಾರಿಯ ಕಂಡಕ್ಟರುಗಳಿಗೆ ಅವರ ಹೆಸರು ಕೇಳಿದರೆ ಊಟ ಸೇರುತ್ತಿರಲಿಲ್ಲ. ಒಂದು ಸಲ ಸಂತೆಯ ದಿನ, ಕಾಲಿಡಲು ಜಾಗವಿಲ್ಲದ ಗಾಡಿಯಲ್ಲಿ, ಫಕ್ಕೀರವ್ವ ಹಿಂದಿನಿಂದ ಟಿಕೆಟ್ ಕೊಡುತ್ತ ಬರುತ್ತಿರುವಾಗಲೇ ಮುಂದಿನ ಬಾಗಿಲಿನಿಂದ ಈ ಮನುಷ್ಯ ಹತ್ತಿ ಮುಂದಿನವರ ಟಿಕೆಟ್ ಕೇಳಿದ್ದರು. “ದಮ್ ಹಿಡೀರಿ ಸಾಹೇಬ್ರ, ಅಲ್ಲಿ ಮಟಾ ಬರಬೇಕಲ್ಲ ನಾ” ಅಂದಿದ್ದಳು ಅವಳು. ಸ್ವಲ್ಪ ತಡೆಯಿರಿ ಎಂಬ ಮಾತಿಗೆ ಹುಬ್ಬಳ್ಳಿ ಕಡೆಯ ಯಾರೂ ಹೀಗೇ ಅನ್ನುತ್ತಾರೆ. ಇಂಗಳಳ್ಳಿಯವರು ತಡೆಯಲಿಲ್ಲ. ಟಿಕೆಟ್ ಇಲ್ಲದ ಪ್ರಯಾಣಿಕರು, ಮೇಲಾಗಿ ‘ಅಧಿಕಾರಿಗೆ ದಮ್ ಹಿಡಿ ಎಂದು ಉದ್ಧಟತನ’ ಎಂದು ವರದಿ ಬರೆದರು. ಅವಳು ಒಂದು ಮಳೆಗಾಲ ಪೂರ್ತಿ ಸಸ್ಪೆಂಡಾಗಿ ಮನೆಯಲ್ಲಿ ಕೂತಳು. ಅವತ್ತಿನಿಂದ ಇಬ್ಬರದೂ ಹಾವು ಮುಂಗುಸಿ.

ಈಗ ಅದೇ ಸಾಹೇಬರು ಅವಳ ಪಕ್ಕದ ಸೈಕಲ್ಲು ತುಳಿಯುತ್ತಿದ್ದರು. ತುಳಿಯುತ್ತಿದ್ದರು ಅನ್ನುವುದಕ್ಕಿಂತ ಪೆಡಲ್ಲಿನ ಮೇಲೆ ಕಾಲಿಟ್ಟು ಕೂತಿರುತ್ತಿದ್ದರು. ಮೊದಲೇ ಮಾತು ಕಡಿಮೆಯ ಮನುಷ್ಯ, ಜ್ವರ ಬಂದ ಮೇಲೆ ಪೂರ್ತಿ ಮೂಕ. ಮುಖದಲ್ಲಿ ರಕ್ತವಿಲ್ಲ, ಕಣ್ಣ ಕೆಳಗೆ ಕಪ್ಪು. ಆದರೆ ಎದೆಯ ಮೇಲೆ ತಂಪಾದ ಹಸಿರು ದೀಪ.

“ಮೆಷಿನ್ನಿಗೂ ಲಂಚಾ ಕೊಟ್ಟೀರೇನ್ರಿ ಸಾಹೇಬ್ರ?” ಎಂದು ಅವಳು ಕೆಣಕಿದಳು.

ಇಂಗಳಳ್ಳಿಯವರು ಅವಳ ಕಡೆ ತಿರುಗಿಯೂ ನೋಡಲಿಲ್ಲ. ಸೊಕ್ಕು ಎಂದುಕೊಂಡಳು ಫಕ್ಕೀರವ್ವ.

ಎರಡನೇ ಸಲ ಸೋತ ಮೇಲೆ ಅವಳನ್ನು ನಿಗಾ ಕೋಣೆಗೆ ಕರೆಸಿದರು. ಕೇಂದ್ರದ ಮುಖ್ಯಸ್ಥೆ ಡಾಕ್ಟರ್ ಪ್ರಣತಿ ಅರಸ್ ಮೈಸೂರಿನವರು, ಎದೆಪಟ್ಟಿಯನ್ನು ರೂಪಿಸಿದ ತಂಡದ ಹಿರಿಯರು. ಗೋಡೆಯ ತುಂಬ ಕರ್ನಾಟಕದ ನಕ್ಷೆ. ಅದರಲ್ಲಿ ಪಟ್ಟಿ ಕಟ್ಟಿದ ಒಬ್ಬೊಬ್ಬರೂ ಒಂದೊಂದು ಚುಕ್ಕೆ. ಮೈಸೂರಿನ ಕಡೆ ಹಸಿರು ಹಸಿರಾಗಿತ್ತು. ಹುಬ್ಬಳ್ಳಿ, ಧಾರವಾಡ, ಗದಗಿನ ಕಡೆ ಗೋಡೆಗೆ ಗುಳ್ಳೆ ಎದ್ದಂತೆ ಕೆಂಪು.

“ನೋಡಿ, ನಿಮ್ಮೊಬ್ಬರದೇ ಅಲ್ಲ,” ಅಂದರು ಡಾಕ್ಟರು. “ನಿಮ್ಮ ಕಡೆಯವರ ಎದೆಯೇ ವೀಕು. ಧೂಳು, ತಂಬಾಕು, ಹೊತ್ತುಹೊತ್ತಿಗೆ ಮಿರ್ಚಿ. ನಮ್ಮ ಹೊಸ ವರದಿಯಲ್ಲಿ ಎಲ್ಲಾ ಬರ್ದಿದೀವಿ.”

“ನನ್ನ ಎದಿ ವೀಕ್ ಇಲ್ರಿ. ನಿಮ್ಮ ಪಟ್ಟಿ ವೀಕ್ ಐತಿ.”

“ಕೆಂಪು ಬಂದವರೆಲ್ಲ ಹಾಗೇ ಹೇಳ್ತಾರೆ. ಪಟ್ಟಿ ನಿಮ್ಮ ನಾಡಿ ನೋಡುತ್ತೆ, ರಕ್ತದ ಆಕ್ಸಿಜನ್ ನೋಡುತ್ತೆ, ನೀವು ಏನು ಹೇಳ್ತೀರ ಅನ್ನೋದನ್ನೂ ಕೇಳಿಸ್ಕೊಳುತ್ತೆ. ನಾನೂ ನೀವೂ ಸುಳ್ಳು ಹೇಳ್ಬಹುದು ಕಣಮ್ಮ, ಅದು ಹೇಳಲ್ಲ.” ಡಾಕ್ಟರು ಗೋಡೆಯ ಮೇಲಿನ ಇನ್ನೊಂದು ಫಲಕವನ್ನು ಬೆರಳಿನಿಂದ ತೋರಿಸಿದರು. ಇನ್ನೊಬ್ಬರ ಪಟ್ಟಿಗೆ ಕೈಹಾಕಿದವರಿಗೆ ಪರೀಕ್ಷೆಯಿಲ್ಲದೆ ಕಾಯಂ ವಿಶ್ರಾಂತಿ ಎಂದು ಅದರಲ್ಲಿ ಬರೆದಿತ್ತು. ಹಸಿರಿನ ಆಸೆಗೆ ತಮ್ಮ ಪಟ್ಟಿಯನ್ನು ಗಟ್ಟಿಮುಟ್ಟಾದ ತಮ್ಮಂದಿರ ಎದೆಗೆ ಕಟ್ಟಿದವರು ಹಿಂದೆ ಕೆಲವರಿದ್ದರಂತೆ. “ಅಡ್ಡದಾರಿ ಹುಡುಕ್ಬೇಡಿ. ಇನ್ನೊಂದೇ ಅವಕಾಶ ಇರೋದು ನಿಮಗೆ.”

ಮನೆಯಲ್ಲಿ ಅತ್ತೆ ತಾರವ್ವ ಕಾಯುತ್ತಿದ್ದಳು. ಗಂಡ ಹೋದ ಮೇಲೆ ಆ ಮನೆಯಲ್ಲಿ ಇವರಿಬ್ಬರೇ. ಸೊಸೆ ಬಸ್ಸಿನಲ್ಲಿ ಊರೂರು ಸುತ್ತುತ್ತಿದ್ದದ್ದರಿಂದಲೇ ಇಬ್ಬರೂ ಇಷ್ಟು ದಿನ ಒಂದು ಸೂರಿನ ಕೆಳಗೆ ಬಾಳಿದ್ದು. ಕಾಯಂ ವಿಶ್ರಾಂತಿ ಅಂದರೆ ಬೆಳಗಿನಿಂದ ಸಂಜೆ ತನಕ ತಾರವ್ವನ ಮುಖ ಎಂದು ನೆನೆದರೆ ಫಕ್ಕೀರವ್ವನಿಗೆ ನಿಜವಾಗಿಯೂ ಉಸಿರು ಸಿಕ್ಕಿಕೊಳ್ಳುತ್ತಿತ್ತು.

“ಚಾ ಎಲ್ಲೆ?” ತಾರವ್ವನಿಗೆ ಕಿವಿ ಮಂದ. ಕಣ್ಣು ಮಾತ್ರ ಹದ್ದಿನದು.

“ದಮ್ ಹಿಡೀರಿ ಅತ್ತಿ, ಕುದಿಯಾಕತ್ತೈತಿ.”

“ಮಧ್ಯಾಹ್ನದಿಂದ ಕುದಿಯಾಕತ್ತೈತೇನು?”

“ದಮ್ ಹಿಡೀರಿ ಅಂದ್ನೆಲ್ಲ.”

ತಾರವ್ವ ಸೊಸೆಯ ಎದೆಯನ್ನೇ ನೋಡುತ್ತ ಕೂತಳು. ಆಮೇಲೆ ಹಲ್ಲಿಲ್ಲದ ಬಾಯಿ ತುಂಬ ನಕ್ಕಳು. “ನೀ ದಮ್ ಹಿಡಿ ದಮ್ ಹಿಡಿ ಅಂದಾಗೊಮ್ಮೆ ಆ ದೀಪ ಕೆಂಪಗ ಮಿಣಕತೈತಿ ನೋಡು. ನಿನ್ನ ಮಾತು ಅದಕ್ಕೂ ಸೇರೂದಿಲ್ಲ.”

ಫಕ್ಕೀರವ್ವ ಚಹಾದ ಪಾತ್ರೆ ಕೆಳಗಿಟ್ಟಳು. ಎದೆಯ ಕಡೆ ಬಗ್ಗಿ ನೋಡುತ್ತ, ಮೆಲ್ಲಗೆ, “ದಮ್ ಹಿಡಿ” ಅಂದಳು. ಮಿಣಕ್. “ತಡಕೋ” ಅಂದಳು. ಏನೂ ಇಲ್ಲ. “ದಮ್ ಹಿಡಿ.” ಮಿಣಕ್. ಅತ್ತೆ ಜೀವಮಾನದಲ್ಲಿ ಮೊದಲ ಸಲ ಉಪಕಾರ ಮಾಡಿದ್ದಳು, ಅದೂ ಬೈಯುವ ಭರದಲ್ಲಿ. ಬಸ್ಸಿನ ಕೆಲಸದ ಹೆಂಗಸು ದಿನಕ್ಕೆ ಎಷ್ಟು ಸಲ ಆ ಮಾತು ಆಡುತ್ತಾಳೆ? ಬಾಯಿ ಬಂದಷ್ಟೂ ಕೆಂಪು, ಬಾಯಿ ಬಿದ್ದಷ್ಟೂ ಹಸಿರು. ಅವಳಿಗೆ ನಗು ಬರಲಿಲ್ಲ, ಮೈ ಉರಿಯಿತು.

ಮರುದಿನ ಕರೆಯದೆಯೇ ನಿಗಾ ಕೋಣೆಗೆ ನುಗ್ಗಿದಳು. ಡಾಕ್ಟರ ಮುಂದೆ ನಿಂತು, “ದಮ್ ಹಿಡೀರಿ” ಎಂದು ಎದೆ ತೋರಿಸಿದಳು. ಗೋಡೆಯ ಮೇಲೆ ಅವಳ ಚುಕ್ಕೆಯೂ ಮಿಣುಕಿತು. ಡಾಕ್ಟರು ಗಾಬರಿಯಿಂದ ಎದ್ದು ಅವಳ ತೋಳು ಹಿಡಿದು, “ಕೂತ್ಕೊಳಿ, ಕೂತ್ಕೊಳಿ! ಯಾವಾಗಿಂದ?” ಎಂದು ನಾಡಿ ನೋಡತೊಡಗಿದರು.

“ಏನ್ ಯಾವಾಗಿಂದ?”

“ದಮ್ಮು ಹಿಡ್ಕೊಂಡಿದ್ದು. ಉಸಿರು ಕಟ್ಟಿದ್ದು.”

“ನನಗೇನ್ ದಮ್ಮು ಹಿಡದಿಲ್ರಿ. ನಿಮಗ ದಮ್ ಹಿಡೀರಿ ಅಂದೆ. ತಡೀರಿ, ಅವಸರ ಮಾಡಬ್ಯಾಡ್ರಿ ಅಂತ. ನಮ್ಮ ಕಡೆ ಅದಕ್ಕ ಹಂಗ ಅಂತಾರ. ಇದು ಗೊತ್ತಿಲ್ದ ನಮ್ಮ ಎದಿ ನೋಡಾಕ ಬಂದೀರೇನು?”

ಡಾಕ್ಟರು ಅವಳ ಕೈ ಬಿಟ್ಟರು. ಮುಖ ಗಟ್ಟಿಯಾಯಿತು. ಪಟ್ಟಿಗೆ ದೂರಿನ ಮಾತುಗಳನ್ನು ಕಲಿಸಿದ್ದು ತಾವೇ ಎಂದರು. ಮೊದಮೊದಲು ಯಂತ್ರಗಳು ಅಂಕಿಯನ್ನಷ್ಟೇ ನೋಡುತ್ತಿದ್ದವಂತೆ. ಅವರ ತಂದೆಗೆ ಬೂದಿ ಜ್ವರ ಬಂದಾಗ ಅಂಕಿಗಳೆಲ್ಲ ಸರಿಯಿದ್ದವಂತೆ.

“‘ದಮ್ಮು ಹಿಡ್ಕೊಂಡಿದೆ ಕಣಮ್ಮ’ ಅಂದ್ರು ನಮ್ಮ ಅಪ್ಪ. ಮೆಷಿನ್ ಸರಿಯಾಗಿದೆ ಅಂತಿದೆ, ನಿಮ್ಮದು ಭ್ರಮೆ ಅಂದೆ ನಾನು. ಬೆಳಗಾಗೋದ್ರಲ್ಲಿ ಹೋದ್ರು. ಆ ಮಾತಿಗೆ ಎಲ್ಲಾದಕ್ಕಿಂತ ಜಾಸ್ತಿ ತೂಕ ಇಟ್ಟಿರೋದು ಅದಕ್ಕೇ. ಅದನ್ನ ತೆಗೀರಿ ಅಂತೀರ?”

“ನಿಮ್ಮ ಅಪ್ಪಾರ ಮಾತು ಬ್ಯಾರೆ, ನನ್ನ ಮಾತು ಬ್ಯಾರೆ.”

“ಹೇಳೋರು ಯಾರು ಅಂತ ನೋಡಿ ಅರ್ಥ ಮಾಡ್ಕೊಳೋಕೆ ಅದೇನು ಬಸ್ ಕಂಡಕ್ಟರ್ ಅಲ್ಲ. ನಿಮಗೆ ಅಷ್ಟು ತೊಂದ್ರೆ ಆದ್ರೆ ಆ ಮಾತು ಆಡ್ಬೇಡಿ. ಬಾಯಿ ಮುಚ್ಕೊಂಡಿರೋಕೆ ಕಷ್ಟಾನಾ?”

ಒಂದು ಕ್ಷಣ ಅವಳಿಗೆ ಆ ಹೆಂಗಸಿನ ಮೇಲೆ ಕನಿಕರ ಬಂದಿತ್ತು. ಕೊನೆಯ ಮಾತು ಕೇಳಿ ಅದೂ ಹೋಯಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಅನ್ನುವ ಮಾತು ಇಂಥವರನ್ನು ನೋಡಿಯೇ ಹುಟ್ಟಿರಬೇಕು ಎಂದುಕೊಂಡು ಹೊರಬಂದಳು.

ಆದರೂ ಬಾಯಿ ಮುಚ್ಚಿದಳು. ಬೇರೆ ದಾರಿ ಇರಲಿಲ್ಲ. ಬಾಯಿದ್ದವಳು ಬರಗಾಲದಲ್ಲೂ ಬದುಕುತ್ತಾಳೆ ಎಂದು ನಂಬಿದ್ದ ಹೆಂಗಸು, ಬದುಕುವ ಸಲುವಾಗಿ ಮೂಕಿಯಾದಳು. ತಾರವ್ವ ಚಹಾ ಕೇಳಿದರೆ ಕೈ ತೋರಿಸಿದಳು. ತಾರವ್ವನಿಗೆ ಇದು ಬೈಗುಳಕ್ಕಿಂತ ದೊಡ್ಡ ಅಪಮಾನವಾಗಿ ಕಂಡು, ಸೊಸೆ ಮಾತು ಬಿಟ್ಟಳೆಂದು ಓಣಿಯೆಲ್ಲ ಹೇಳಿಬಂದಳು. ಪಟ್ಟಿ ಮೊದಲು ಹಳದಿಗೆ ತಿರುಗಿತು, ಆಮೇಲೆ ಹಸಿರಿಗೆ. ಉಸಿರುಮನಿಯ ಸಿಬ್ಬಂದಿ ಅವಳ ಬೆನ್ನು ತಟ್ಟಿ, ತರಬೇತಿ ಫಲ ಕೊಟ್ಟಿತು ಅಂದರು.

ಬಾಯಿ ಮುಚ್ಚಿದಾಗ ಕಣ್ಣಿಗೆ ಕೆಲಸ ಹೆಚ್ಚುತ್ತದೆ. ಪಕ್ಕದ ಸೈಕಲ್ಲಿನ ಮೇಲೆ ಇಂಗಳಳ್ಳಿಯವರು ನೀರು ಕುಡಿಯಲು ಲೋಟ ಎತ್ತಿ, ಅರ್ಧಕ್ಕೆ ಕೆಳಗಿಟ್ಟು, ಮತ್ತೆ ಎತ್ತುವುದನ್ನು ಅವಳು ಕಂಡಳು. ಯಾರಾದರೂ ಹೆಸರು ಕೇಳಿದರೆ ಬೆರಳಿನಿಂದ ಕೊರಳಿನ ಚೀಟಿ ತೋರಿಸುತ್ತಿದ್ದರು. ಸೊಕ್ಕಲ್ಲ ಇದು ಎಂದು ಅವಳಿಗೆ ಅನ್ನಿಸಿತು. ಅನ್ನಿಸಿದ್ದನ್ನು ಹಿಂದಕ್ಕೆ ನೂಕಿದಳು. ಅವರ ಚಿಂತೆ ಇವಳಿಗೇಕೆ? ಹಸಿರು ದೀಪ ಇದೆಯಲ್ಲ.

ಹಸಿರಿನ ಗುಟ್ಟು ಆಮೇಲೆ ತಿಳಿದದ್ದು, ಇಲ್ಲಿಯೇ ಹೇಳಿಬಿಡುತ್ತೇನೆ. ಪಟ್ಟಿ ಒಬ್ಬೊಬ್ಬರ ಮೈಯನ್ನೂ ಬೇರೆಬೇರೆಯಾಗಿ ಕಲಿಯುತ್ತಿತ್ತು. ಆಕ್ಸಿಜನ್ ಇಳಿದಾಗ ಮನುಷ್ಯ ದೂರಿದರೆ ರೋಗವೆಂದು ಬರೆದುಕೊಳ್ಳುತ್ತಿತ್ತು. ದೂರದಿದ್ದರೆ ಇವನ ಮಟ್ಟವೇ ಇಷ್ಟು ಎಂದು ತಿಳಿಯುತ್ತಿತ್ತು. ಇಂಗಳಳ್ಳಿಯವರು ದೂರಲಿಲ್ಲ. ದಿನದಿನವೂ ಅವರ ಅಂಕಿ ಇಳಿಯಿತು, ದಿನದಿನವೂ ಯಂತ್ರ ಅದಕ್ಕೆ ಹೊಂದಿಕೊಂಡಿತು.

ಅವಳ ಮೂರನೆಯ ಪರೀಕ್ಷೆಯ ದಿನವೇ ಅವರ ಮೊದಲನೆಯದು. ಇಬ್ಬರನ್ನೂ ಜೋಡಿ ಮಾಡಿ ಟಾಕಿಯ ಮೆಟ್ಟಿಲಿಗೆ ಬಿಟ್ಟು ಕೆಳಗಿನ ಬಾಗಿಲು ಹಾಕಿದರು. ಒಳಗೆ ಸಿಮೆಂಟಿನ ವಾಸನೆ, ಎತ್ತರದಲ್ಲಿ ಸಣ್ಣ ಕಿಂಡಿ. “ಉತ್ತಮ. ಮುಂದುವರಿಯಿರಿ” ಎಂದು ಗೋಡೆ ಮಾತಾಡುತ್ತಿತ್ತು. ಫಕ್ಕೀರವ್ವ ತುಟಿ ಬಿಗಿದುಕೊಂಡು ಏರಿದಳು. ತುದಿ ಮುಟ್ಟಿ ಇಳಿದರೆ ಸೋಮವಾರ ನವಲಗುಂದದ ಗಾಡಿ. ತಾನು ನಿಲ್ಲುವ ಮೆಟ್ಟಿಲು, ಕೈಗೆ ಹೊಳಪು ಬಂದ ಕಂಬ, ಎಲ್ಲ ಕಣ್ಣ ಮುಂದೆ ಬಂದವು.

ಹಿಂದೆ ಹೆಜ್ಜೆಯ ಸದ್ದು ನಿಂತಿತು.

ಇಂಗಳಳ್ಳಿಯವರು ಗೋಡೆಗೆ ಭುಜ ಕೊಟ್ಟು ನಿಂತಿದ್ದರು. ನೇರಳೆ ಹಣ್ಣು ತಿಂದವರ ಹಾಗೆ ತುಟಿ. ಬಾಯಿ ತೆರೆದಿತ್ತು, ದನಿ ಬರುತ್ತಿರಲಿಲ್ಲ. ಎದೆಯ ಮೇಲೆ ಹಸಿರು. “ಉತ್ತಮ. ಮುಂದುವರಿಯಿರಿ,” ಅಂದಿತು ಗೋಡೆ. ಅವರು ಮುಂದುವರಿಯಲು ಕಾಲೆತ್ತಿದರು. ಹೇಳಿದಂತೆ ಕೇಳುವ ನೌಕರನ ಬುದ್ಧಿ, ಸಾವಿನ ಬಾಗಿಲಲ್ಲೂ ಬಿಡದು.

ಬಾಯಿ ಬಿಟ್ಟರೆ ಏನು ಹೋಗುತ್ತದೆ ಎಂಬುದು ಫಕ್ಕೀರವ್ವನಿಗೆ ಚೆನ್ನಾಗಿ ಗೊತ್ತಿತ್ತು. ಈ ಮನುಷ್ಯನಿಗಾಗಿ ಅದನ್ನು ಕಳೆದುಕೊಳ್ಳುವುದೇ? ಒಂದು ಮಳೆಗಾಲ ತನ್ನನ್ನು ಮನೆಯಲ್ಲಿ ಕೂರಿಸಿದವನಿಗಾಗಿಯೇ? ಅವಳು ಇನ್ನೆರಡು ಮೆಟ್ಟಿಲು ಹತ್ತಿದಳು. ಹತ್ತಿದಳು ಎಂಬುದನ್ನು ಮುಚ್ಚಿಡುವುದಿಲ್ಲ. ಆಮೇಲೆ ತಿರುಗಿದಳು.

“ದಮ್ ಹಿಡೀರಿ ಸಾಹೇಬ್ರ! ಕುಂದರ್ರಿ ಅಲ್ಲೇ!”

ಅವಳ ಎದೆ ಕೆಂಪಗಾಯಿತು. “ಪರೀಕ್ಷೆ ಮುಗಿಯಿತು. ನಿಧಾನವಾಗಿ ಕೆಳಗಿಳಿಯಿರಿ,” ಅಂದಿತು ಗೋಡೆ. ಯಾರೂ ಬರಲಿಲ್ಲ. ಅವಳ ಕೆಂಪು ದಿನಾ ಇದ್ದದ್ದೇ, ಅದಕ್ಕೆ ಯಾರು ಓಡಿ ಬರುತ್ತಾರೆ? ಅವಳು ಕೂಗಿದಳು, ಕೈ ಬಡಿದಳು. “ಪರೀಕ್ಷೆಯ ವೇಳೆ ಗದ್ದಲ ಬೇಡ,” ಅಂದಿತು. ಇಂಗಳಳ್ಳಿಯವರು ಗೋಡೆಗುಂಟ ಜಾರಿ ಕೂತರು. ಕಣ್ಣು ಮೇಲೆ ಸಿಕ್ಕಿಕೊಂಡಿತು. ಹಸಿರು.

ಈ ಪಟ್ಟಿ ಕೇಳುವುದು ಗಾಳಿಯ ಮಾತನ್ನಲ್ಲ, ಎಲುಬಿನ ಮಾತನ್ನು. ಪಕ್ಕದವರ ಮಾತು ಸೇರಿಕೊಳ್ಳಬಾರದೆಂದು ಕಟ್ಟಿದವನ ಎದೆಗೂಡಿನ ನಡುಕವನ್ನಷ್ಟೇ ಆಲಿಸುವಂತೆ ಮಾಡಿದ್ದರು. ಕಟ್ಟುವ ದಿನ ಎಲ್ಲರಿಗೂ ಅದನ್ನು ಹೇಳಿದ್ದರು. ಫಕ್ಕೀರವ್ವ ಮೆಟ್ಟಿಲ ಮೇಲೆ ಮೊಣಕಾಲೂರಿ, ತಾನು ಊರಲ್ಲೆಲ್ಲ ಶಪಿಸಿಕೊಂಡು ಬಂದ ಮನುಷ್ಯನ ಅಂಗಿಯ ಗುಂಡಿ ಕಿತ್ತು, ಅವರ ಎದೆಯ ಎಲುಬಿಗೆ ಬಾಯಿ ಒತ್ತಿ, ಸಂತೆಯ ಗದ್ದಲವನ್ನು ಸೀಳುವ ದನಿಯಲ್ಲಿ ಕೂಗಿದಳು: “ದಮ್ ಹಿಡಿ! ದಮ್ ಹಿಡಿ! ದಮ್ ಹಿಡಿ!”

ಅಂಕಿ ಕೆಳಗಿದ್ದು ಬಾಯಿಯೂ ದೂರಿದರೆ ಸೈರನ್. ಗಿರಣಿ ಮುಚ್ಚಿದ ಮೇಲೆ ಆ ಕಟ್ಟಡದಲ್ಲಿ ಅಷ್ಟು ದೊಡ್ಡ ಸೈರನ್ ಕೇಳಿದ್ದು ಅದೇ ಮೊದಲು. ಕೆಳಗಿನ ಬಾಗಿಲು ಧಡಾರನೆ ತೆರೆಯಿತು.

ಇಂಗಳಳ್ಳಿಯವರು ಬದುಕಿದರು. ಅವರು ಕೂರುವಷ್ಟಾದ ಮೇಲೆ ಇಲಾಖೆಯ ಅಧಿಕಾರಿಯೊಬ್ಬರು ಬಂದು ನಿಗಾ ಕೋಣೆಯಲ್ಲಿ ವಿಚಾರಣೆ ಇಟ್ಟರು. ವಿಚಾರಣೆ ಅನ್ನುವುದಕ್ಕಿಂತ ಸನ್ಮಾನದ ಏರ್ಪಾಡಿನಂತಿತ್ತು. ಪಟ್ಟಿ ರೋಗಿಯ ದೂರನ್ನು ಕೇಳಿಸಿಕೊಂಡು ಜೀವ ಉಳಿಸಿದ ಮೊದಲ ದೊಡ್ಡ ಪ್ರಕರಣವಂತೆ ಅದು. ಯಂತ್ರದ ದಾಖಲೆಯಲ್ಲಿ ‘ರೋಗಿ ನುಡಿದರು’ ಎಂದು ಇತ್ತು. ಡಾಕ್ಟರು ಅದನ್ನು ಎರಡು ಸಲ ಓದಿದರು. ಅಪ್ಪನ ಮಾತು ಕಡೆಗೂ ಒಬ್ಬರನ್ನು ಉಳಿಸಿತು ಎಂದು ನಂಬಿದ ಮುಖ ಅದು.

“ಈಯಮ್ಮನೂ ಸಹಾಯಕ್ಕೆ ಕೂಗಿದಾರೆ,” ಅಂದರು ಅಧಿಕಾರಿ. “ಆ ಗಾಬರಿಯಲ್ಲಿ ಕೆಂಪು ಬಂದಿರಬಹುದು. ಇವರ ಪರೀಕ್ಷೆ ಪಾಸು ಅಂತ ಮಾಡಿ. ಸೋಮವಾರದಿಂದ ಕೆಲಸಕ್ಕೆ ಹೋಗಲಿ. ಏನಮ್ಮಾ, ನೀವು ಹೇಳೋದು ಏನಾದ್ರೂ ಇದೆಯಾ?”

ಫಕ್ಕೀರವ್ವ ಫಲಕದ ಕಡೆ ನೋಡಿದಳು. ಇನ್ನೊಬ್ಬರ ಪಟ್ಟಿಗೆ ಕೈಹಾಕಿದವರಿಗೆ. ಅವಳು ಹಾಕಿದ್ದು ಕೈಯಲ್ಲ, ಬಾಯಿ. ಆದರೆ ಅಷ್ಟು ಸಣ್ಣ ಸಂದಿನಲ್ಲಿ ನುಸುಳುವ ಕಾನೂನಲ್ಲ ಅದು.

“ಏನಿಲ್ರಿ,” ಅಂದಳು. ನಾಚಿಕೆಯಾಯಿತು. ಆದರೂ ಸೋಮವಾರ ಸೋಮವಾರವೇ.

ಅಧಿಕಾರಿ ಕೈಚಾಚಿ ಲೇಖನಿ ತೆಗೆದುಕೊಂಡರು. ಆಗ ಗಾಲಿಕುರ್ಚಿಯಲ್ಲಿದ್ದ ಇಂಗಳಳ್ಳಿಯವರು ಬೆರಳೆತ್ತಿದರು. ಮೂಗಿನ ನಳಿಕೆಯನ್ನು ಪಕ್ಕಕ್ಕೆ ಸರಿಸಿದರು. ಒಂದೊಂದೇ ಮಾತು, ನಡುನಡುವೆ ಉಸಿರು.

“ನಾ ನುಡಿದಿಲ್ರಿ. ದಾಖಲೆ ತಪ್ಪೈತಿ. ನನಗ ಮಾತಾಡಾಕ... ದಮ್ ಇರ್ಲಿಲ್ಲ.”

ಮಿಣಕ್. ಅವರ ಪಟ್ಟಿ ಕೆಂಪಾಗಿ ಕೀರಲು ದನಿ ತೆಗೆಯಿತು. ಹೊರಗಿದ್ದ ನರ್ಸ್ ಆಕ್ಸಿಜನ್ ಎಳೆದುಕೊಂಡು ಓಡಿಬಂದಳು. ಇಂಗಳಳ್ಳಿಯವರು ಅವಳನ್ನು ಕೈಯಿಂದ ತಡೆದು, “ದಮ್ ಹಿಡಿಯವ್ವ, ಮಾತು ಮುಗೀಲಿ” ಅಂದರು. ಪಟ್ಟಿ ಇನ್ನಷ್ಟು ಜೋರಾಗಿ ಕಿರುಚಿತು. ಗೋಡೆಯ ನಕ್ಷೆಯಲ್ಲಿ ಅವರ ಚುಕ್ಕೆ ಕೆಂಪಗೆ ಕುಣಿಯಿತು. ಅವರ ನಾಡಿ ಮಾತ್ರ ಪರದೆಯ ಮೇಲೆ ತಣ್ಣಗೆ, ಸಮನಾಗಿ ಹೋಗುತ್ತಿತ್ತು. ಎಲ್ಲರೂ ಅದನ್ನೇ ನೋಡಿದರು.

“ಈಕಿ ನನ್ನ ಎದಿಗೆ ಬಾಯಿ ಹಚ್ಚಿ ಒದರಿದ್ಲು,” ಅಂದರು ಇಂಗಳಳ್ಳಿ. “ಅಲ್ಲೀ ಮಟಾ ಪಟ್ಟಿ ಹಸಿರ ಇತ್ತು. ನಾ ಸಾಯಾಕತ್ತಿದ್ದೆ, ಅದು ಉತ್ತಮ ಅಂತಿತ್ತು.”

ಅಧಿಕಾರಿ ಲೇಖನಿ ಕೆಳಗಿಟ್ಟರು. ಡಾಕ್ಟರು ಕೈಯಲ್ಲಿದ್ದ ದಾಖಲೆಯನ್ನು ಮೇಜಿನ ಮೇಲಿಟ್ಟರು. ಆಮೇಲೆ ನಕ್ಷೆಯ ಮುಂದೆ ಹೋಗಿ ನಿಂತರು. ಅವರು ನೋಡುತ್ತಿದ್ದದ್ದು ಕೆಂಪು ಚುಕ್ಕೆಗಳನ್ನಲ್ಲ. ತಾವು ಹಸಿರು ಕೊಟ್ಟು ಮನೆಗೆ ಕಳಿಸಿದವರನ್ನು, ಕೆಲಸಕ್ಕೆ ಕಳಿಸಿದವರನ್ನು.

“ಒಂದು ಸಲಾನೂ ದೂರು ಹೇಳದೆ ಹಸಿರಾದವರು ಯಾರ್ಯಾರು, ತೆಗೀರಿ,” ಎಂದು ಸಿಬ್ಬಂದಿಗೆ ಹೇಳಿದರು. “ಎಲ್ರಿಗೂ ಫೋನ್ ಮಾಡಿ. ಈಗ್ಲೇ.” ಫಕ್ಕೀರವ್ವನ ಕಡೆ ತಿರುಗಿದಾಗ ಅವರ ಕಣ್ಣು ಕೆಂಪಾಗಿತ್ತು, ಮಾತು ಮಾತ್ರ ಮೆತ್ತಗಾಗಿರಲಿಲ್ಲ. “ನೀವು ಇನ್ನೊಬ್ರ ಪಟ್ಟಿ ಮುಟ್ಟಿದೀರ. ಅದರ ವಿಚಾರಣೆ ಬೇರೆ ನಡೆಯುತ್ತೆ. ಅದು ಮುಗಿಯೋ ತನಕ ಕೆಲಸ ಇಲ್ಲ. ನಿಯಮ ನಾನೇ ಮಾಡಿದ್ದು, ನಿಮಗೋಸ್ಕರ ಮುರಿಯಲ್ಲ.”

“ಮುರೀರಿ ಅಂತ ನಾ ಕೇಳಿಲ್ಲ,” ಅಂದಳು ಫಕ್ಕೀರವ್ವ.

ಅವಳೂ ಇಂಗಳಳ್ಳಿಯವರೂ ಹೊರಬರುವಾಗ ಹಿಂದೆ ಫೋನುಗಳು ಶುರುವಾಗಿದ್ದವು. “ಹಲೋ, ಉಸಿರಾಟ ಹೇಗಿದೆ? ಹಲೋ?” ಕೆಲವು ಕಡೆ ಯಾರೋ ಉತ್ತರ ಕೊಟ್ಟರು. ಕೆಲವು ಕಡೆ ಗಂಟೆ ಬಾರಿಸುತ್ತಲೇ ಇತ್ತು.

ಕೇಂದ್ರದ ಗಾಡಿಗಳೆಲ್ಲ ಫೋನು ಎತ್ತದವರ ಮನೆಗಳಿಗೆ ಹೋದವು. ಇಂಗಳಳ್ಳಿಯವರನ್ನು ಮನೆಗೆ ಬಿಡಲು ಗಾಡಿ ಉಳಿಯಲಿಲ್ಲ. ಗಿರಣಿಯ ಗೇಟಿನ ಹೊರಗಿನ ಕಟ್ಟೆಯ ಮೇಲೆ ಇಬ್ಬರೂ ಕೂತರು, ನಡುವೆ ಇನ್ನಿಬ್ಬರು ಕೂರುವಷ್ಟು ಜಾಗ ಬಿಟ್ಟು.

“ಎರಡನೇ ಸಲ ನನ್ನ ಕೆಲಸಾ ತಗದ್ರಿ ನೀವು,” ಅಂದಳು ಫಕ್ಕೀರವ್ವ. “ಎರಡು ಮಾತು ನುಂಗಿದ್ರ ಏನ್ ಗಂಟು ಹೋಗ್ತಿತ್ತು ನಿಮ್ದು?”

“ಟಿಕೆಟ್ ಇಲ್ದಾವ್ರನ್ನ ಇಳಸೂದು ನನ್ನ ಕೆಲಸ,” ಅಂದರು ಇಂಗಳಳ್ಳಿ. ಸ್ವಲ್ಪ ಹೊತ್ತು ಉಸಿರು ತೆಗೆದುಕೊಂಡರು. “ಆ ಮೆಷಿನ್ನೂ ಟಿಕೆಟ್ ಇಲ್ದ ಕುಂತಿತ್ತು.”

“ಅದರ ಕೂಡ ನನ್ನೂ ಇಳಸಿದ್ರೆಲ್ಲ.”

ಅವರ ಬಾಯಿಂದ ಉಪಕಾರ ಆಯಿತು ಎಂಬ ಮಾತು ಬರುತ್ತದೇನೋ ಎಂದು ಅವಳು ಕಾದಳು, ಬರಲಿಲ್ಲ. ಬಂದಿದ್ದರೆ ಬೈಯಬೇಕೆಂದು ಬೈಗುಳವನ್ನೂ ಆರಿಸಿ ಇಟ್ಟುಕೊಂಡಿದ್ದಳು.

ಬಸ್ಸು ಬಂತು. ಗಾಜಿನ ಕಣ್ಣು ಎರಡು ಕೆಂಪು ದೀಪಗಳನ್ನು ನೋಡಿತು. ಜೇನಿನ ದನಿ ತನ್ನ ಮಾತು ಹೇಳಿತು. ಒಳಗಿನಿಂದ ಹೊಸ ಕಂಡಕ್ಟರು ಗಾಜಿನಾಚೆ ಕೈ ಅಗಲಿಸಿ, ತನ್ನ ಕೈಯಲ್ಲಿಲ್ಲ ಎಂದು ತೋರಿಸಿದಳು. ಬಸ್ಸು ಹೊರಟಿತು. ಯಾವ ಬಸ್ಸೂ ನಿರಾಕರಿಸದ ಚೆಕಿಂಗ್ ಸಾಹೇಬರು ಮೊದಲ ಸಲ ಮುಚ್ಚಿದ ಬಾಗಿಲು ನೋಡಿದರು. ಅವರ ಮುಖ ಬಿಗಿಯಿತು. ಕಟ್ಟೆಗೆ ಕೈಯೂರಿ ಎದ್ದು, ಎರಡು ಹೆಜ್ಜೆ ರಸ್ತೆಗೆ ಇಳಿದು, ನಡೆದೇ ಹೋಗುವವರಂತೆ ವಾಲಿದರು.

ಫಕ್ಕೀರವ್ವ ಅವರ ಅಂಗಿಯ ಚುಂಗು ಹಿಡಿದೆಳೆದಳು.

“ದಮ್ ಹಿಡೀರಿ, ಸಾಹೇಬ್ರ.”

ಅವಳ ಎದೆಯ ಮೇಲಿನ ದೀಪ ಮಿಣುಕಿತು. ಇದೇ ಮಾತಿಗೆ ಒಂದು ದಿನ ಅವರು ವರದಿ ಬರೆದಿದ್ದರು. ಇಂಗಳಳ್ಳಿಯವರು ಅವಳ ಕೈಯನ್ನೂ, ಹೋಗುತ್ತಿದ್ದ ಬಸ್ಸನ್ನೂ ನೋಡಿದರು. ಆಮೇಲೆ ಮೆಲ್ಲಗೆ ಹಿಂದೆ ಬಂದು ಕೂತರು.

“ಹಿಡದೇನಿ,” ಅಂದರು.